ಮೊದಲು ಹಗ್ಗ ಬಿಗಿ ಎಂದ ಖಾಜಾ ಉಸ್ತಾದ್

ನಂಬಿಕೆ ಬರುತ್ತಿಲ್ಲ...
ಬೆಳಿಗ್ಗೆ ಆರಕ್ಕೆ ಉಸ್ತಾದರ ಮಗಳು ರೇಷ್ಮಾಳ ಫೋನ್.
"ಕಾಕಾ... ಅಬ್ಬಾ ಹೋಗಿಬಿಟ್ರು."
ಅಷ್ಟೇ.
ನಿನ್ನೆ ಮಧ್ಯಾಹ್ನ ಊಟದ ನಂತರ ನನ್ನ ಪಾಲಿನ ಚಹಾವನ್ನೂ ಕುಡಿದು ನಕ್ಕ ಮನುಷ್ಯ!

ಗೆಳೆಯರೇ, ನಿಮ್ಮ ಮೆಸೇಜುಗಳನ್ನೆಲ್ಲ ನೋಡಿದೆ.
"ಕೊನೆಯವರೆಗೂ ಜೊತೆಗಿದ್ದೆಯಲ್ಲ ವಿರೂಪಾಕ್ಷಿ, ಪುಣ್ಯವಂತ" ಎಂದು ಬರೆದಿದ್ದೀರಿ.
ದಯವಿಟ್ಟು ಹಾಗೆ ಬರೆಯಬೇಡಿ.
ಪೂರ್ತಿ ಓದಿ, ಆಮೇಲೆ ಹೇಳಿ.

ಗೊತ್ತಿಲ್ಲದವರಿಗಾಗಿ...
ಖಾಜಾ ಉಸ್ತಾದ್ ಗಂಗಾವತಿಯ ಬಡಗಿ. ರೈಸ್ ಮಿಲ್ಲುಗಳ ಮರದ ಕೆಲಸ, ಬಾಗಿಲು, ತೊಟ್ಟಿಲು ಮಾಡಿಕೊಂಡಿದ್ದವರು.
ಒಂದು ದಿನ ಸ್ನೂಕರ್ ಪಾರ್ಲರಿನವನೊಬ್ಬ ಮುರಿದ ಪೂಲ್ ಕ್ಯೂ ತಂದ. ಅದೇ, ಮೇಜಿನ ಮೇಲಿನ ಚೆಂಡು ಹೊಡೆಯುವ ಕೋಲು.
ಉಸ್ತಾದ್ ಅದನ್ನು ಉದ್ದಕ್ಕೆ ಸೀಳಿ ನೋಡಿದರು.
"ಮೊಳಿ ಇಲ್ಲ, ಬೋಲ್ಟ್ ಇಲ್ಲ... ಮರಾನ ಮರಾನ ಹಿಡ್ಕೊಂಡೈತಿ ನೋಡೋ!"
ಅಂದು ಹತ್ತಿದ ಹುಚ್ಚು ಹದಿನೇಳು ವರ್ಷ ಬಿಡಲಿಲ್ಲ. ನನ್ನನ್ನೂ ಎಳೆದುಕೊಂಡಿತು.

ಹಾಗೆ ಮರಕ್ಕೆ ಮರ ಜೋಡಿಸುವುದಕ್ಕೆ ಫುಲ್ ಸ್ಪ್ಲೈಸ್ ಎನ್ನುತ್ತಾರೆ.
ಹಿಡಿಕೆಗೆ ಬೀಟೆ, ಮುಂದಕ್ಕೆ ಮೇಪಲ್ ಎಂಬ ಪರದೇಶದ ಮರ. ಎರಡಕ್ಕೂ ಉದ್ದನೆಯ ಚೂಪು ಹಲ್ಲು ಕೊಯ್ದು, ಅಂಟು ಹಚ್ಚಿ, ಒಂದರೊಳಗೊಂದು ಹೊಗಿಸುವುದು.
ಉಸ್ತಾದ್ ಎರಡೂ ಕೈಯ ಬೆರಳು ಹೆಣೆದು ತೋರಿಸುತ್ತಿದ್ದರು.
ಬೀಟೆಯ ನಾಲ್ಕು ತುದಿಗಳೂ ಮೇಪಲ್ಲಿನ ಸಂದಿನ ತಳ ಮುಟ್ಟಬೇಕು. ಒಂದು ಕೂದಲೆಳೆಯಷ್ಟು ಹಿಂದೆ ಉಳಿದರೂ ಮುಗಿಯಿತು... ಅದೇ ದಿನ ಆ ಕೋಲನ್ನು ಗರಗಸದಲ್ಲಿ ಕೊಯ್ದು ಹಾಕುತ್ತಿದ್ದರು.
ಮೇಲ್ಮೇಲೆ ಕೊರೆದು ಬೇರೆ ಮರದ ಚೂರು ಕೂರಿಸಿದರೂ ನೋಡಲು ಹಾಗೇ ಕಾಣುತ್ತದೆ, ಬೇಗ ಆಗುತ್ತದೆ ಎಂದು ನಾನೇ ಎಷ್ಟು ಸಲ ಹೇಳಿದ್ದೇನೋ!
ಕೇಳಬೇಕಲ್ಲ?
ಅವಸರ ಮಾಡಿದ ಹೈದರಾಬಾದಿನ ಗಿರಾಕಿಗೆ ಫೋನಿನಲ್ಲೇ ಹೇಳಿದ್ದರು:
"ಅವಸರ ಇದ್ರ ಸಂತ್ಯಾಗ ಒಂದು ಕಬ್ಬು ತಗೊಂಡು ಆಡ್ರಿ ಸಾಹೇಬ್ರ."

ಈಗ ನಿನ್ನೆಯದು...
ಮೂರೂವರೆಗೆ ಅಂಟು ಕಲಸಿದೆವು.
ಎಪಾಕ್ಸಿ ಕಲಸಿದ ಮೇಲೆ ಹನ್ನೆರಡು ನಿಮಿಷವಷ್ಟೇ ಕೈಗೆ ಸಿಗುವುದು. ಅಷ್ಟರಲ್ಲಿ ಎರಡೂ ಮರ ಹೊಗಿಸಿ, ವೈಸಿನ ಕಬ್ಬಿಣದ ದವಡೆಯಲ್ಲಿ ಒತ್ತಿ, ತುದಿಯಿಂದ ತುದಿಯವರೆಗೆ ಹಗ್ಗ ಸುತ್ತಿ ಬಿಗಿಯಬೇಕು.
ಎರಡು ತುದಿ ಅವರ ಕಡೆ, ಎರಡು ನನ್ನ ಕಡೆ.
ಅರ್ಧ ಹೊಕ್ಕಿತ್ತು. ತಲೆಯೆತ್ತಿ ನೋಡಿದರೆ ಅವರ ಹಣೆಯ ಮೇಲೆ ಬೆವರು. ಎಡಗೈ ಅಂಗಿಯ ಎದೆಯನ್ನು ಮುದ್ದೆ ಮಾಡಿ ಹಿಡಿದಿದೆ.
"ಉಸ್ತಾದ್, ಏನಾತ್ರಿ? ಆಟೋ ತರ್ಲೇನ್ರಿ?"
"ವಿರುಪಾ... ಮೊದ್ಲ ಹಗ್ಗ ಬಿಗಿ. ಅಂಟು ನಮ್ಮ ಸಲುವಾಗಿ ಕಾಯೂದಿಲ್ಲ."

ನಾನು ಹಗ್ಗ ಬಿಗಿದೆ.

ಕೇಳಿಸಿತೇ? ಬಿಗಿದೆ!
ಮರವನ್ನು ಎತ್ತಿ ಬಿಸಾಡಿ ಮನುಷ್ಯನನ್ನು ಎತ್ತಿಕೊಳ್ಳಬೇಕಿತ್ತು. ಹದಿನೇಳು ವರ್ಷ ಅವರ ಮಾತು ಕೇಳಿ ಕೇಳಿ ನನಗೆ ಬುದ್ಧಿಯೇ ಸತ್ತಿತ್ತು.
ಅವಸರದಲ್ಲಿ ಸುತ್ತಿದೆ. ಸುತ್ತು ಎಣಿಸಲಿಲ್ಲ, ತುದಿ ನೋಡಲಿಲ್ಲ. ಅವರು ಮಾತ್ರ ತಮ್ಮ ಕಡೆಯನ್ನು ಬಲಗೈಯಲ್ಲಿ ಒತ್ತಿ ಹಿಡಿದೇ ಇದ್ದರು.
ಗಂಟು ಹಾಕಿ ಆಟೋಗೆ ಓಡಿದೆ. ಸಂತೆಯ ದಿನದ ಹಾಗೆ ರಸ್ತೆ ತುಂಬಾ ಭತ್ತದ ಲಾರಿ...
ದವಾಖಾನೆಯಲ್ಲಿ ಡಾಕ್ಟರು ಮೆಲ್ಲಗೆ ಕೇಳಿದರು, "ಸ್ವಲ್ಪ ಮುಂಚೆ ತರೋಕಾಗ್ಲಿಲ್ವಾ?"

ರಾತ್ರಿ ದವಾಖಾನೆಯಿಂದ ನನ್ನನ್ನು ಮನೆಗೆ ಕಳಿಸುವಾಗ ರೇಷ್ಮಾ ಕೇಳಿದಳು.
"ಕಾಕಾ, ಅಬ್ಬಾಗ ನೋವು ಯಾವಾಗ ಶುರು ಆತ್ರಿ?"
"ಆಟೋ ಹತ್ತೂಕಿಂತ ಈಟು ಮುಂಚೆ... ಅಷ್ಟವ್ವ" ಎಂದೆ.
ಸುಳ್ಳು, ರೇಷ್ಮಾ. ಹಗ್ಗದ ಕೆಲಸ ಪೂರ್ತಿ ಮುಗಿಯುವ ತನಕ ನಿಮ್ಮಪ್ಪ ನೋವಿನಲ್ಲೇ ನಿಂತಿದ್ದರು. ನಾನು ನೋಡುತ್ತಲೇ ಇದ್ದೆ.
ನಿನ್ನ ಮುಖ ನೋಡಿ ಹೇಳುವ ಧೈರ್ಯ ಬರಲಿಲ್ಲ. ಅದಕ್ಕೇ ಹೀಗೆ ಎಲ್ಲರ ಮುಂದೆ ಹೇಳುತ್ತಿದ್ದೇನೆ. ಬೈಯಬೇಕೆನಿಸಿದರೆ ಬೈ, ತಾಯಿ.

ಉಸ್ತಾದ್...
ನಿಮಗೂ ಒಂದು ಸುಳ್ಳು ಹೇಳಿದೆ.
ಮೂಗಿಗೆ ಆಕ್ಸಿಜನ್ ಹಾಕಿದ್ದರು. ನೀವು ಮನೆಯವರನ್ನು ಕೇಳಲಿಲ್ಲ, ನೀರು ಕೇಳಲಿಲ್ಲ. ನನ್ನ ಕೈ ಹಿಡಿದು ಕೇಳಿದಿರಿ,
"ನಾಕೂ ಕುಂತಾವೇನಪಾ?"
"ಕುಂತಾವ್ರಿ ಉಸ್ತಾದ್. ನಾಕೂ."
ನಾನು ನೋಡಿರಲೇ ಇಲ್ಲ.
ನೀವು ಕಣ್ಣು ಮುಚ್ಚಿ "ಛಲೋ ಆತು" ಎಂದಿರಿ.

ಈಗ ಅಂಗಡಿಯಲ್ಲಿ ಒಬ್ಬನೇ ಕೂತಿದ್ದೇನೆ. ಎದುರಿಗೆ ಅದು... ಹಗ್ಗ ಸುತ್ತಿಕೊಂಡು ಮಲಗಿದೆ.
ಒಂದು ದಿನ ತುಂಬುವ ತನಕ ಮುಟ್ಟಬಾರದು. ಕಟ್ಟಿದವನೇ ಬಿಚ್ಚಬೇಕು, ತನ್ನ ತಪ್ಪನ್ನು ತಾನೇ ಮೊದಲು ನೋಡಬೇಕು. ಇವೆಲ್ಲ ನೀವೇ ಮಾಡಿದ ಕಾನೂನು.
ಕಟ್ಟಿದವನು ನಾನು.
ಮೂರೂವರೆಗೆ ದಿನ ತುಂಬುತ್ತದೆ. ಸಂಜೆಯ ಅಸರ್ ನಮಾಜಿನ ನಂತರ ನಿಮ್ಮ ಮಣ್ಣು.
ನಿಮ್ಮನ್ನು ಕಳಿಸುವ ಮೊದಲು ನನಗೆ ನಿಜ ಗೊತ್ತಾಗಬೇಕು...

.

ಇಷ್ಟು ಬರೆದು ಫೋನ್ ಕೆಳಗಿಟ್ಟಿದ್ದೆ.
ಈಗ ಮೂರೂ ಮುಕ್ಕಾಲು.
ಬಿಚ್ಚಿದೆ.
ಒಸರಿದ ಅಂಟನ್ನು ಉಳಿಯಿಂದ ಕೆರೆದು, ಬೆಳಕಿಗೆ ಹಿಡಿದು ನೋಡಿದೆ. ಎರಡು ಸಲ ನೋಡಿದೆ.
ನಿಮ್ಮ ಕಡೆಯ ಎರಡೂ ಕೂತಿವೆ ಉಸ್ತಾದ್. ಒಂದು ಕೈಯಲ್ಲಿ ಎದೆ ಹಿಡಿದು, ಇನ್ನೊಂದು ಕೈಯಲ್ಲಿ ಒತ್ತಿದವರು ನೀವು... ಹಾಳೆ ತೂರುವಷ್ಟೂ ಸಂದಿಲ್ಲ.
ನನ್ನ ಕಡೆಯದು ಒಂದು ಕೂತಿದೆ.
ಇನ್ನೊಂದು ಇಲ್ಲ.

ಕಾನೂನು ಗೊತ್ತು. ಗರಗಸಕ್ಕೆ ಕೈ ಹೋಗುತ್ತಿಲ್ಲ. ಅದನ್ನು ನಿಮ್ಮ ಟೋಪಿ ತೂಗುವ ಗೂಟದ ಪಕ್ಕ ಒರಗಿಸಿ ನಿಲ್ಲಿಸಿದ್ದೇನೆ. ಯಾರಿಗೂ ಮಾರುವುದಿಲ್ಲ.
ಹೊರಗೆ ಜನ ಕರೆಯುತ್ತಿದ್ದಾರೆ. ಹೆಗಲು ಕೊಡಲು ಹೊರಟೆ.

ಮೇಲಿನವನು ನಿಮ್ಮ ಜೀವಕ್ಕೆ ತಂಪು ಕೊಡಲಿ ಉಸ್ತಾದ್. ನೆಮ್ಮದಿಯಿಂದ ಹೋಗಿ ಬನ್ನಿ.
ನಾಕೂ ಕುಂತಿಲ್ರಿ...
ಮಾಫ್ ಮಾಡ್ರಿ.