ಪೆನಾಲ್ಟಿ ಮುಗಿದ ಮೇಲೂ

ಐಸಿಂಗ್ ಎಂದರೆ ಬೇಕರಿಯವರು ಕೇಕಿನ ಮೇಲೆ ಬಳಿಯುವ ಸಕ್ಕರೆಯ ಲೇಪವೆಂದೇ ಬಹುಕಾಲ ನಂಬಿದ್ದ ನನಗೆ, ಅದು ಒಂದು ಆಟದ ತಪ್ಪಿನ ಹೆಸರೂ ಹೌದೆಂದು ತಿಳಿದದ್ದು ಭದ್ರಾವತಿಗೆ ಕೇಬಲ್ ಟಿ.ವಿ. ಬಂದ ಹೊಸದರಲ್ಲಿ. ಆಗ ನಾನು ಅಲ್ಲಿನ ಹೈಸ್ಕೂಲೊಂದರಲ್ಲಿ ಇಂಗ್ಲಿಷ್ ಮೇಷ್ಟ್ರು. ಪಕ್ಕದ ಮನೆಯ ಪಳನಿ ಕಾರ್ಖಾನೆಯಲ್ಲಿ ಫಿಟ್ಟರ್. ಇಂಗ್ಲಿಷಿನಲ್ಲಿ ಯಾರು ಏನು ಹೇಳಿದರೂ ಇಂಗ್ಲಿಷ್ ಮೇಷ್ಟ್ರಿಗೆ ಅರ್ಥವಾಗಲೇಬೇಕೆಂಬ ಅವನ ಮುಗ್ಧ ವಿಶ್ವಾಸದಿಂದಾಗಿ, ಮಂಜುಗಡ್ಡೆಯನ್ನು ಕಬ್ಬಿನಹಾಲಿನ ಲೋಟದಲ್ಲಷ್ಟೇ ಕಂಡಿದ್ದ ನಾನು ಭಾನುವಾರದ ಬೆಳಿಗ್ಗೆಗಳಲ್ಲಿ ಅವನ ಮನೆಯ ಟಿ.ವಿ. ಮುಂದೆ ಕೂತು ಐಸ್ ಹಾಕಿಯ ಭಾಷ್ಯಕಾರನಾದೆ.

ಪಳನಿಯೂ ಒಂದು ಕಾಲಕ್ಕೆ ಹಾಕಿ ಆಡಿದವನೇ. ನಮ್ಮ ಮಣ್ಣಿನ ಮೈದಾನದ ಹಾಕಿ. ಅವನೂ ಶಿವಮೊಗ್ಗದ ಪಕ್ಕದ ನವುಲೆಯ ನಾಗರಾಜನೂ ಒಂದೇ ತಂಡದಲ್ಲಿ ಗೋಲಿನ ಮುಂದೆ ಕಾವಲು ನಿಲ್ಲುವ ಜೋಡಿ ಬ್ಯಾಕ್‌ಗಳು. ಒಂದು ಸಂಜೆ ಅಭ್ಯಾಸದ ನಡುವೆ ಕ್ಷುಲ್ಲಕ ಮಾತೊಂದಕ್ಕೆ ಸಿಟ್ಟಾಗಿ ಪಳನಿ ಬೀಸಿದ ಸ್ಟಿಕ್ಕು ನಾಗರಾಜನ ಮಂಡಿಗೆ ಬಿತ್ತು. ಆ ಮಂಡಿಯನ್ನು ಮತ್ತೆ ಮಡಚಲಾಗಲಿಲ್ಲ. ತಂಡದ ಹಿರಿಯರು ಪಳನಿ ಒಂದು ವರ್ಷ ಆಡಕೂಡದೆಂದರು. ವರ್ಷ ಕಳೆಯಿತು, ಅವನು ಮೈದಾನಕ್ಕೂ ಹೋಗಲಿಲ್ಲ, ನಾಗರಾಜನ ಮುಖವನ್ನೂ ನೋಡಲಿಲ್ಲ. ಹೀಗೇ ಹನ್ನೊಂದು ವರ್ಷ ಸರಿದವೆಂದು ಪಳನಿಯ ಹೆಂಡತಿ ನನ್ನ ಹೆಂಡತಿಗೆ ಹೇಳಿದ್ದರು.

ಟಿ.ವಿ.ಯ ಆಟದಲ್ಲಿ ತಪ್ಪು ಮಾಡಿದವನನ್ನು ಎರಡು ನಿಮಿಷ ಪಕ್ಕದ ಗಾಜಿನ ಪೆಟ್ಟಿಗೆಯಂಥ ಜಾಗದಲ್ಲಿ ಕೂರಿಸುತ್ತಾರೆ; ಅದೇ ಪೆನಾಲ್ಟಿ. ಪಳನಿಯ ಕಣ್ಣೆಲ್ಲ ಅಲ್ಲೇ. ಒಬ್ಬ ಕಡಿಮೆಯಿದ್ದಾಗ ತಂಡದವರು ಚೆಂಡಿನ ಬದಲಿಗಿರುವ ರಬ್ಬರ್ ಬಿಲ್ಲೆಯನ್ನು ಈ ತುದಿಯಿಂದ ಆ ತುದಿಗೆ ಬಾರಿಸಿದರೂ ಸೀಟಿ ಊದದ ರೆಫರಿಗಳು, ಸ್ವಲ್ಪ ಹೊತ್ತಿನ ಮೇಲೆ ಅದೇ ಏಟಿಗೆ ಊದಿದ್ದೇಕೆಂದು ಕೇಳಿದ. ನನಗೆ ಗೊತ್ತಿರಲಿಲ್ಲ. ಮರ್ಯಾದೆಯ ಪ್ರಶ್ನೆಯಾದ್ದರಿಂದ ಶಿವಮೊಗ್ಗದ ಗ್ರಂಥಾಲಯಕ್ಕೆ ಹೋಗಿ ಕ್ರೀಡಾನಿಯಮಗಳ ಧೂಳು ಹಿಡಿದ ಪುಸ್ತಕವೊಂದನ್ನು ಹುಡುಕಿ ಓದಿದೆ.

ಮುಂದಿನ ಭಾನುವಾರ ಪಾಠ ಮಾಡಿದೆ. ಅಂಕಣದ ತಮ್ಮ ಅರ್ಧದಿಂದ ಹೊಡೆದ ಬಿಲ್ಲೆ ಯಾರಿಗೂ ತಾಗದೆ ಎದುರಾಳಿಯ ಗೋಲುಗೆರೆಯನ್ನು ದಾಟಿದರೆ ಐಸಿಂಗ್; ಆಟವನ್ನು ಹೊಡೆದವರ ಗೋಲಿನ ಬಳಿಗೇ ವಾಪಸು ತರುತ್ತಾರೆ. ಪೆನಾಲ್ಟಿಯಿಂದ ಒಬ್ಬ ಕಡಿಮೆಯಾದ ತಂಡಕ್ಕೆ ಮಾತ್ರ ವಿನಾಯಿತಿ. ಪೆನಾಲ್ಟಿಯ ಅವಧಿ ತೀರಿದ ಕ್ಷಣವೇ ಆ ವಿನಾಯಿತಿಯೂ ತೀರಿತು.

"ಟೈಮ್ ಮುಗಿದ್ರೂ ಅವನು ಎದ್ದು ಬರದೆ ಅಲ್ಲೇ ಕೂತಿದ್ರೆ, ಮೇಷ್ಟ್ರೇ?"

"ಕೂತಿದ್ರೂ ಅಷ್ಟೇ. ತಂಡ ಪೂರ್ತಿ ಇದೆ ಅಂತಾನೇ ಲೆಕ್ಕ."

"ಅಂದ್ರೆ ಅವನು ಕೂತಿರೋದಕ್ಕೆ ಉಳಿದೋರು ಅನುಭವಿಸ್ಬೇಕು."

ಶಿಷ್ಯನಿಗೆ ಪಾಠ ಹತ್ತಿತೆಂಬ ಸಂತೋಷದಲ್ಲಿ ನಾನು ಹೌದೆಂದೆ. ಅವನು ಎದ್ದು ಟಿ.ವಿ. ಆರಿಸಿದ. ಆಗಷ್ಟೇ ನನಗೆ ನನ್ನ ಪಾಂಡಿತ್ಯದ ಬಗ್ಗೆ ನಾಚಿಕೆಯಾಯಿತು.

ವಾರದ ಬಳಿಕ, ಒಬ್ಬನೇ ಹೋಗಲಾರೆನೆಂದು ನನ್ನನ್ನೂ ನವುಲೆಗೆ ಕರೆದೊಯ್ದ. ನಾಗರಾಜ ಸೈಕಲ್ ರಿಪೇರಿ ಅಂಗಡಿಯಲ್ಲಿ ಒಂದು ಕಾಲನ್ನು ನೀಳವಾಗಿ ಚಾಚಿ ಕೂತು ಪಂಕ್ಚರ್ ಹಾಕುತ್ತಿದ್ದ. ಪಳನಿಯನ್ನು ಕಂಡು ಸ್ಟೂಲು ತೋರಿಸಿದ, ಎದುರಿನ ಹೋಟೆಲಿನಿಂದ ಚಹಾ ತರಿಸಿದ. ಪಳನಿ ನಿಂತೇ ತಪ್ಪಾಯಿತೆಂದ.

"ಕಾಲಿನ ವಿಷಯ ಯಾವತ್ತೋ ಬಿಟ್ಟೆ," ಎಂದ ನಾಗರಾಜ, ತಲೆಯೆತ್ತದೆ. "ನಿನ್ನ ಒಂದು ವರ್ಷ ಮುಗಿದ ಮೇಲೆ ಮೊದಲನೇ ಮ್ಯಾಚಿಗೆ ಕೋಲು ಊರ್ಕೊಂಡು ಬಂದು ಕೂತಿದ್ದೆ, ಮಾರಾಯ. ನೀನು ಬರ್ಲೇ ಇಲ್ಲ. ಇಬ್ಬರಲ್ಲಿ ಒಬ್ಬನಾದ್ರೂ ಆಡ್ಬೇಕಿತ್ತು."

ಪಳನಿಗಾಗಲೇ ನಲವತ್ತು ದಾಟಿತ್ತು. ಇನ್ನು ಮೈದಾನಕ್ಕಿಳಿಯುವ ಮಾತಿರಲಿಲ್ಲ. ನಾಗರಾಜ ಟ್ಯೂಬನ್ನು ನೀರಿನ ಬಾಂಡಲಿಯಲ್ಲಿ ಅದ್ದಿದಾಗ ಪಳನಿ ಕುಕ್ಕರಗಾಲಲ್ಲಿ ಕೂತು ಅದರ ಇನ್ನೊಂದು ಬದಿಯನ್ನು ಹಿಡಿದುಕೊಂಡ. ಇಬ್ಬರೂ ಗುಳ್ಳೆ ಏಳುವುದನ್ನೇ ನೋಡುತ್ತ ಕೂತರು. ಚಹಾದ ಮೇಲೆ ಕೆನೆ ಕಟ್ಟಿತು.

ಭದ್ರಾವತಿಯಲ್ಲಿ ಬಸ್ಸಿನಿಂದ ಇಳಿಯುವಾಗ ಪಳನಿ ನನ್ನ ತೋಳು ಹಿಡಿದು, "ಬಂದು ಕೂತಿದ್ನಂತೆ, ಮೇಷ್ಟ್ರೇ," ಎಂದ. "ಮೈದಾನದ ಯಾವ ಕಡೆ ಕೂತಿದ್ದೆ ಅಂತ ಅವನನ್ನ ಕೇಳ್ಲೂ ಇಲ್ಲ ನಾನು."