ಎದುರುಮನೆಯವರಿಗೆ ಗೊತ್ತಾಗಬಾರದೆಂದು

ಹೋದ ವರ್ಷ ಯುಗಾದಿ ಕಳೆದ ಮೇಲಿನ ಒಂದು ಭಾನುವಾರ. ಕುಡಿತ ಬಿಟ್ಟವರು ಸೇರುವ ಮೀಟಿಂಗಿಗೆ ನಮ್ಮ ಯಜಮಾನರನ್ನು ಕರೆದುಕೊಂಡು ಹೋಗಲು ನಾನು ಪಟ್ಟ ಪಾಡು ನೆನೆದರೆ ಈಗಲೂ ಮೈ ಉರಿಯುತ್ತದೆ.

ನಮ್ಮದು ಮೇಲೂರು. ನಾನು ಮನೆಯಲ್ಲೇ ಬಟ್ಟೆ ಹೊಲಿಯುತ್ತೇನೆ, ಅವರು ಬೋರ್‌ವೆಲ್ ಮೋಟರ್ ರಿಪೇರಿ ಮಾಡುತ್ತಾರೆ. ಆಸ್ಪತ್ರೆಗೆ ಸೇರಿಸಿ, ಔಷಧಿ ಕೊಡಿಸಿ, ಅಂತೂ ಕುಡಿತ ಬಿಡಿಸಿದ್ದಾಗಿತ್ತು. ಆದರೆ ಸಂಜೆಯಾದರೆ ಸಾಕು, ಬಾಗಿಲಿಗೂ ಹಿತ್ತಲಿಗೂ ಒಂದೇ ಸಮನೆ ಓಡಾಡುತ್ತಿದ್ದರು. ನನಗೆ ಜೀವ ಕೈಯಲ್ಲಿ ಹಿಡಿದ ಹಾಗೆ. ಆಸ್ಪತ್ರೆಯ ನರ್ಸಮ್ಮ, "ಔಷಧಿ ಒಂದರಿಂದ ಆಗಲ್ಲಮ್ಮ. ಬಿಟ್ಟೋರ ಜೊತೆ ಕೂತು ಮಾತಾಡ್ಬೇಕು. ಶಿಡ್ಲಘಟ್ಟದಲ್ಲೂ ಮೀಟಿಂಗ್ ನಡೆಯುತ್ತೆ, ಚಿಂತಾಮಣೀಲೂ ನಡೆಯುತ್ತೆ" ಎಂದರು.

ಶಿಡ್ಲಘಟ್ಟ ನಮಗೆ ಕಾಲು ಗಂಟೆಯ ದಾರಿ. ಇವರು ಸುತರಾಂ ಒಪ್ಪಲಿಲ್ಲ.

"ಅಲ್ಲೆಲ್ಲಾ ಗುರುತಿನೋರೇ ಕಣೇ. ಎದುರುಮನೆ ನಾರಾಯಣಪ್ಪನ ಕಿವಿಗೆ ಬಿದ್ರೆ ಮುಗೀತು. ಚಿಂತಾಮಣಿಗಾದ್ರೆ ಬರ್ತೀನಿ. ಅದೂ ಭಾನುವಾರ. ಅವತ್ತು ಆವಪ್ಪ ಕೆಂಚಾರ್ಲಹಳ್ಳಿ ಮಗಳ ಮನೆಗೆ ಹೋಗಿರ್ತಾನೆ, ನಾವು ಹೊರಡೋದು ಕಾಣಲ್ಲ."

ಇದೇ ಮನುಷ್ಯ ಶಿಡ್ಲಘಟ್ಟದ ಬಸ್ ಸ್ಟ್ಯಾಂಡಿನಲ್ಲಿ ಪಂಚೆ ಜಾರಿದ್ದೂ ತಿಳಿಯದೆ ಬಿದ್ದಿದ್ದನ್ನು ಅರ್ಧ ತಾಲ್ಲೂಕು ನೋಡಿತ್ತು. ಕುಡಿಯುವಾಗ ಇಲ್ಲದ ನಾಚಿಕೆ ಬಿಡುವಾಗ ಎಲ್ಲಿಂದ ಬಂತೋ!

ಎರಡು ಬಸ್ಸು ಹತ್ತಿ ಚಿಂತಾಮಣಿಗೆ ಇಳಿದೆವು. "ಯಾರನ್ನ ಕೇಳಿದ್ರೂ ಹೇಳ್ತಾರೆ" ಎಂದಿದ್ದರು ನರ್ಸಮ್ಮ. ಯಾರನ್ನು ಕೇಳಿದರೂ ಗೊತ್ತಿಲ್ಲ. ಭಾನುವಾರವಾದ್ದರಿಂದ ನರ್ಸಮ್ಮನ ಫೋನೂ ಸ್ವಿಚ್ ಆಫ್. ಸಾಲದ್ದಕ್ಕೆ ಇವರದೊಂದು ಕಟ್ಟಪ್ಪಣೆ: "ಬರೀ ಮೀಟಿಂಗ್ ಅಂತ ಕೇಳು, ಕುಡಿತ ಅಂತ ಬಾಯಿ ಬಿಡಬೇಡ."

ಬರೀ ಮೀಟಿಂಗ್ ಎಂದು ಕೇಳಿದ್ದಕ್ಕೆ ಬೇಕರಿಯವನು ಒಂದು ಛತ್ರ ತೋರಿಸಿದ. ಅಲ್ಲಿ ಟೈ ಕಟ್ಟಿದ ಹುಡುಗನೊಬ್ಬ ನಮ್ಮನ್ನು ಮುಂದಿನ ಸಾಲಿನಲ್ಲೇ ಕೂರಿಸಿ, ಟೀ ಕೊಟ್ಟು, ಹೊಟ್ಟೆ ಕರಗಿಸುವ ಪುಡಿಯ ಡಬ್ಬ ಎತ್ತಿ ತೋರಿಸಿದ. ಇನ್ನಷ್ಟು ಜನರನ್ನು ಸೇರಿಸಿದರೆ ಕಾರು ಕೊಡುತ್ತಾರಂತೆ. ನಮ್ಮ ಯಜಮಾನರು ತಲೆದೂಗುತ್ತಾ ಹಾಯಾಗಿ ಕೂತುಬಿಟ್ಟರು! ರಟ್ಟೆ ಹಿಡಿದು ಎಬ್ಬಿಸಿಕೊಂಡು ಬಂದೆ. ಆಮೇಲೆ ಹೂವಿನವಳು ಕಳಿಸಿದ್ದು ಸ್ತ್ರೀಶಕ್ತಿ ಸಂಘಕ್ಕೆ. "ಗಂಡಸರು ಇಲ್ಲಿ ಯಾಕೆ?" ಎಂದು ಅವರೆಲ್ಲ ಇವರನ್ನೇ ನೋಡಿದರು.

ಹೊರಗೆ ಬಂದು ಇವರು ಮುಖ ಒರೆಸಿಕೊಂಡರು. "ಸಿಗಲ್ಲ ಬಿಡೇ, ಮನೆಗೆ ಹೋಗಣ" ಎಂದರು. ಬಾಯಿ ಮನೆ ಅನ್ನುತ್ತಿತ್ತು, ಕಣ್ಣು ರಸ್ತೆಯಾಚೆಯ ಬಾರಿನ ಮೇಲಿತ್ತು. ಈಗ ವಾಪಸ್ಸು ಹೋದರೆ ಮತ್ತೆ ಈ ಮನುಷ್ಯ ಹೊರಡುವುದಿಲ್ಲ, ಇಷ್ಟು ದಿನ ಬಿಟ್ಟಿದ್ದೂ ನೀರಿನಲ್ಲಿ ಹೋಮ ಎಂದು ನನಗೆ ಖಾತ್ರಿಯಾಯಿತು. ಎಲ್ಲಿತ್ತೋ ಸಿಟ್ಟು. "ಈ ಕಂಬದ ಹತ್ರಾನೇ ನಿಂತಿರಿ, ಅಲ್ಲಾಡಬೇಡಿ" ಎಂದವಳೇ ಸೀದಾ ಬಾರಿನೊಳಗೆ ನುಗ್ಗಿದೆ.

"ಏಂ ಕಾವಾಲಮ್ಮಾ?" ಏನು ಬೇಕೆಂದು ತೆಲುಗಿನಲ್ಲಿ ಕೇಳಿದ ಕ್ಯಾಷಿಯರ್, ಗಾಬರಿಯಿಂದ.

"ನಮ್ಮೆಜಮಾನ್ರು ಕುಡಿಯೋದು ಬಿಟ್ಟಿದ್ದಾರೆ. ಬಿಟ್ಟೋರು ಸೇರೋ ಮೀಟಿಂಗ್ ಎಲ್ಲಪ್ಪ ನಡೆಯುತ್ತೆ?" ರಸ್ತೆಗೆಲ್ಲ ಕೇಳುವ ಹಾಗೆ ಕೇಳಿದೆ.

ಒಳಗಿದ್ದವರೆಲ್ಲ ಗ್ಲಾಸು ಕೆಳಗಿಟ್ಟು ನನ್ನತ್ತ ತಿರುಗಿದರು. ಕ್ಯಾಷಿಯರ್ ನಗಲಿಲ್ಲ, ಎದ್ದು ಬಂದು ಕೈ ತೋರಿಸಿದ. "ಆ ಸ್ಕೂಲ್ ಪಕ್ಕದ ಸಂದೀಲಿ ನೀಲಿ ಗೇಟು ಕಣಮ್ಮ. ಬೋರ್ಡ್ ಹಾಕಿಲ್ಲ. ನಮ್ಮ ಹಳೇ ಗಿರಾಕಿಗಳೇ ಅಲ್ಲಿರೋದು."

"ಮಾನ ತೆಗೆದುಬಿಟ್ಟೆಯಲ್ಲೇ" ಎಂದರು ಇವರು, ನಾನು ಕಂಬದ ಹತ್ತಿರ ಬರುತ್ತಲೇ.

"ಉಳಿದಿದ್ರೆ ತಾನೆ ತೆಗೆಯೋಕೆ? ನಡೀರಿ."

ನೀಲಿ ಗೇಟಿನೊಳಗೆ ಒಬ್ಬರು ನಮಗೆ ಬೆನ್ನು ಹಾಕಿ ಪ್ಲಾಸ್ಟಿಕ್ ಕುರ್ಚಿ ಜೋಡಿಸುತ್ತಿದ್ದರು. ಸದ್ದಿಗೆ ತಿರುಗಿದರು. ಎದುರುಮನೆ ನಾರಾಯಣಪ್ಪ! ಅವರು ಕುಡಿಯುತ್ತಿದ್ದರೆಂಬುದೇ ನಮಗೆ ಗೊತ್ತಿರಲಿಲ್ಲ.

ಅವರ ಮುಖ ಬಿಳಿಚಿಕೊಂಡಿತು. "ನಾನಿಲ್ಲಿಗೆ ಬರೋದು ಯಾರು ಹೇಳಿದ್ರು ನಿಮಗೆ?" ಎಂದರು. ಅವರನ್ನು ಹಿಡಿಯಲಿಕ್ಕೇ ನಾವು ಬಂದಿದ್ದೇವೆಂದುಕೊಂಡಿದ್ದರು ಪಾಪ. ಇವರು ತಲೆ ತಗ್ಗಿಸಿ, "ನಾನೂ ಮೀಟಿಂಗಿಗೇ ಬಂದಿದ್ದು ಅಣ್ಣ" ಎಂದರು.

"ನಿನಗೆ ಗೊತ್ತಾಗಬಾರದು ಅಂತಾನೇ ಕಣೋ ನಾನು ಇಷ್ಟು ದೂರ ಬರೋದು!"

"ನಾನೂ ಅಷ್ಟೇ ಅಣ್ಣ."

ನಮ್ಮೆರಡು ಮನೆಗಳ ನಡುವೆ ಇರುವುದು ಒಂದು ಚರಂಡಿ. ನನಗೆ ಇಬ್ಬರನ್ನೂ ಹಿಡಿದು ಬಡಿಯಬೇಕೆನಿಸಿತು. ಅಷ್ಟರಲ್ಲಿ ನಾರಾಯಣಪ್ಪನವರು ತಮ್ಮ ಪಕ್ಕದ ಕುರ್ಚಿಯನ್ನು ಅಂಗೈಯಿಂದ ಒರೆಸಿ, "ಕೂತ್ಕೊಳ್ಳಪ್ಪ" ಎಂದರು. ಇವರು ಕೂತರು. ಇವರ ಕೈಯನ್ನು ಅವರು ಹಿಡಿದುಕೊಂಡರು. ನಾನು ಗೇಟಿನ ಹೊರಗೆ ಬಂದು ಸೆರಗು ಬಾಯಿಗೊತ್ತಿಕೊಂಡು ಅತ್ತೆ.

ವಾಪಸ್ಸು ಬರುವಾಗ ಬಸ್ಸಿನಲ್ಲಿ ಕೇಳಿದೆ, "ಇನ್ನೇನು, ಇಬ್ಬರೂ ಶಿಡ್ಲಘಟ್ಟದ ಮೀಟಿಂಗಿಗೇ ಹೋಗಬಹುದಲ್ಲ?"

"ಅಯ್ಯೋ, ಅಲ್ಲಿ ಗುರುತಿನೋರು ಇರ್ತಾರಮ್ಮ!" ಎಂದರು ನಾರಾಯಣಪ್ಪ. ಇವರೂ ಹೂಂ ಎಂದು ತಲೆಯಾಡಿಸಿದರು.

ಇದನ್ನು ಬರೆಯಲು ಇಬ್ಬರೂ ಒಪ್ಪಿದ್ದಾರೆ, ನಿಜ ಹೆಸರು ಹಾಕಬಾರದೆಂಬ ಷರತ್ತಿನ ಮೇಲೆ. ಹಾಗಾಗಿ ನಾರಾಯಣಪ್ಪ ಎನ್ನುವುದು ನಾನಿಟ್ಟ ಹೆಸರು. ಇಂದಿಗೂ ಪ್ರತಿ ಭಾನುವಾರ ಚಿಂತಾಮಣಿಗೇ ಹೋಗುತ್ತಾರೆ, ನಾನು ಪ್ರತಿ ಭಾನುವಾರ ಗೊಣಗುತ್ತೇನೆ. ಉಳಿದ ದಿನ, ಸಂಜೆ ಇವರು ಬಾಗಿಲಿಗೂ ಹಿತ್ತಲಿಗೂ ಓಡಾಡಲು ಶುರು ಮಾಡಿದರೆ ಎದುರುಮನೆಯ ಜಗಲಿಯಿಂದ ಒಂದು ಕೆಮ್ಮು ಕೇಳುತ್ತದೆ. ಇವರು ಚಪ್ಪಲಿಯನ್ನೂ ಹಾಕದೆ ಚರಂಡಿ ದಾಟುತ್ತಾರೆ. ನಾನು ಮತ್ತೆ ಮಿಷನ್ ತುಳಿಯುತ್ತೇನೆ.