ಒಂದು ಲಾಕಿಗಾಗಿ ರಾಜಾನುಕುಂಟೆಗೆ

ಕೇಳ್ರಪ್ಪಾ, ನನ್ ಕಾರಿನ ಕಂಪ್ನಿ ಬಾಗ್ಲು ಹಾಕ್ಕೊಂಡು ಎಷ್ಟೋ ವರ್ಷ ಆಯ್ತು. ಈಗ ಕಾರಿನ ಬಾಗ್ಲೇ ಹಾಕ್ಕೊಳ್ತಿಲ್ಲ. ಲಾಕು ಎಲ್ಲೂ ಸಿಗಲ್ಲ. ರಾಜಾನುಕುಂಟೆ ಗೌಡ್ರೊಬ್ರ ಮನೇಲಿ ಇಂಥದ್ದೇ ಗಾಡಿ ಕೆಟ್ಟು ನಿಂತಿದೆ ಅಂತ ಮೆಕ್ಯಾನಿಕ್ ಹೇಳ್ದ. ಇವತ್ತು ಬಾಗ್ಲಿಗೆ ಹಗ್ಗ ಕಟ್ಕೊಂಡು ಹೋದೆ.

ಗೌಡ್ರು ನನ್ ಬಾನೆಟ್ ಸವರಿ, "ನಮ್ ಮಗಳನ್ನ ಗಂಡನ ಮನೆಗೆ ಕಳ್ಸಿದ್ದು ಇಂಥದ್ರಲ್ಲೇ" ಅಂದ್ರು. ನಮ್ ಮಗ ಹುಟ್ಟಿ ಆಸ್ಪತ್ರೆಯಿಂದ ಬಂದಿದ್ದು ಇದರಲ್ಲೇ ಅಂತ ನಾನೂ ಹೇಳ್ದೆ.

"ಲಾಕು ಬಿಚ್ಚಿಕೊಡ್ತೀರಾ ಗೌಡ್ರೇ?"

"ಅದೆಂಗೆ ಸಾಮಿ? ನಮ್ದಕ್ಕೆ ಗೇರ್‌ಬಾಕ್ಸ್ ಬೇಕು, ನಿಮ್ದನ್ನೇ ಕೇಳಣ ಅಂತಿದ್ದೆ!"

ಇಬ್ರೂ ಬಗ್ಗಲಿಲ್ಲ. ಕಾಫಿ ಕುಡ್ದು ಒಪ್ಪಂದ ಮಾಡ್ಕೊಂಡ್ವಿ: ಯಾರು ಮೊದ್ಲು ತಮ್ ಗಾಡಿ ಓಡೋ ಆಸೆ ಬಿಡ್ತಾರೋ, ಅವ್ರ ಗಾಡಿ ಇನ್ನೊಬ್ರಿಗೆ.

ಹೊರಟ್ರೆ ಗೇಟ್ ಹತ್ರಾನೇ ನನ್ ಗಾಡಿ ಎರಡ್ ಸಲ ಕೆಮ್ಮಿ ನಿಂತೋಯ್ತು. ಕನ್ನಡೀಲಿ ನೋಡ್ತೀನಿ, ಗೌಡ್ರ ಮುಖ ಅರಳ್ಬಿಟ್ಟಿದೆ!